ಪುಟ್ಟಿಯ ಜೊತೆ ಐದು ದಿನ, ಪುಟ್ಟಿ ಒಬ್ಬಳೇ ಮೂರು ದಿನ

ಹೊರಡುವ ಮೊದಲು

ನನ್ನ ಅಕ್ಕನ ಮಗಳಿಗೆ ಈಗ 22 ವರ್ಷ. ಮನೆಯಲ್ಲಿ ಎಲ್ಲರೂ ಇನ್ನೂ ಪುಟ್ಟಿ ಅಂತಲೇ ಕರೆಯುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ. ಓದು ಮುಗಿಸಿದ್ದಾಳೆ. ತುಂಬಾ ಚುರುಕು. ಆದರೆ ಹೊಸ ಜಾಗ ಅಂದರೆ ಸಾಕು, ಎರಡು ದಿನ ಮೊದಲೇ ಹೊಟ್ಟೆ ತೊಳಸಲು ಶುರುವಾಗುತ್ತದೆ, ಕೈ ತಣ್ಣಗಾಗುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಕೊನೆಗೆ 'ನಾನು ಬರಲ್ಲ, ನೀವು ಹೋಗಿ ಬನ್ನಿ' ಅನ್ನುತ್ತಾಳೆ. ಹಾಗೆ ಅಂದ ತಕ್ಷಣ ಅವಳಿಗೆ ಹಾಯೆನಿಸುತ್ತದೆ. ಆ ಹಾಯೆನಿಸುವುದೇ ತೊಂದರೆ ಅಂತ ನಮಗೆ ಗೊತ್ತಾಗಿದ್ದು ಅವಳು ಒಬ್ಬ ಆಪ್ತಸಮಾಲೋಚಕರ ಹತ್ತಿರ ಹೋಗಲು ಶುರು ಮಾಡಿದ ಮೇಲೆ. ಒಮ್ಮೆ ತಪ್ಪಿಸಿಕೊಂಡರೆ ಭಯ ಅವತ್ತಿಗೆ ಇಳಿಯುತ್ತದೆ, ಮುಂದಿನ ಸಲ ಇನ್ನೂ ಜಾಸ್ತಿಯಾಗಿ ಬರುತ್ತದೆ.

ಒಬ್ಬಳೇ ವಿದೇಶಕ್ಕೆ ಹೋಗಬೇಕು ಅನ್ನೋದು ಅವಳದೇ ಆಸೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಧೈರ್ಯ ಬರಲಿ ಅಂತ ನಾವೇ ಅವಳನ್ನು ತಳ್ಳಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. 'ಚಿಕ್ಕಮ್ಮ, ಮೊದಲು ಸ್ವಲ್ಪ ದಿನ ನೀನು ಜೊತೆಗೆ ಇರು, ಆಮೇಲೆ ನನ್ನನ್ನ ಬಿಟ್ಟು ಬಾ' ಅಂದಳು. ಒಟ್ಟು ಎಂಟು ದಿನ. ಐದನೇ ದಿನ ಸಂಜೆ ನಾನು ವಾಪಸ್. ಉಳಿದ ಮೂರು ದಿನ ಅವಳೊಬ್ಬಳೇ. ಎರಡು ಟಿಕೆಟ್, ಬೇರೆ ಬೇರೆ ದಿನಕ್ಕೆ. ಬುಕ್ ಮಾಡುವಾಗ ನನ್ನ ಬೆರಳೂ ಒಂದು ಕ್ಷಣ ನಿಂತಿತು.

ಸಿಂಗಾಪುರವನ್ನು ಆರಿಸಿದ್ದೂ ಅವಳೇ. ಸಣ್ಣ ದ್ವೀಪ, ಎಲ್ಲಿ ಹೋದರೂ ರೈಲಿನಲ್ಲೇ ವಾಪಸ್ ಬರಬಹುದು. ಇಂಗ್ಲಿಷ್, ಮಲಯ್, ಮ್ಯಾಂಡರಿನ್, ತಮಿಳು ನಾಲ್ಕೂ ಅಲ್ಲಿ ಅಧಿಕೃತ ಭಾಷೆಗಳು, ಹಾಗಾಗಿ ಬೋರ್ಡ್ ಓದಲು ಕಷ್ಟವಿಲ್ಲ. ನಲ್ಲಿ ನೀರನ್ನೇ ಕುಡಿಯಬಹುದು. ಮೊದಲ ಸಲಕ್ಕೆ ಇಂಥ ಜಾಗ ಸುಲಭ ಅಂತ ಯಾರಾದರೂ ಮೂಗು ಮುರಿದರೆ ಮುರಿಯಲಿ. ಸುಲಭದ್ದರಿಂದ ಶುರು ಮಾಡಬೇಕು ಅನ್ನೋದೇ ನಮ್ಮ ಲೆಕ್ಕ.

ಕಾಗದಪತ್ರದ ಕೆಲಸ ಒಂದನ್ನೂ ನಾನು ಮುಟ್ಟಲಿಲ್ಲ. ಬಾಯಿಗೆ ಬಂದ ಸಲಹೆಗಳನ್ನೂ ನುಂಗಿಕೊಂಡೆ. ವೀಸಾ ಅವಳೇ ಮಾಡಿಸಿದಳು. ಸಿಂಗಾಪುರಕ್ಕೆ ಹೋಗುವವರು ಇಳಿಯುವ ದಿನವೂ ಸೇರಿ ಮೂರು ದಿನದ ಒಳಗೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, ಅದು ಉಚಿತ. ಇದಕ್ಕೂ ದುಡ್ಡು ಕೇಳುವ ನಕಲಿ ಜಾಲತಾಣಗಳಿವೆ ಅಂತ ಅವಳೇ ಓದಿಕೊಂಡು, ಸರ್ಕಾರದ ತಾಣವನ್ನೇ ಹುಡುಕಿ ತುಂಬಿದಳು. ಆರು ಸಲ ತಿರುಗಿಸಿ ನೋಡಿದಳು. ನೋಡಲಿ ಬಿಡಿ. ಇನ್ನೊಂದು ವಿಷಯ ಆತಂಕ ಇರುವವರಿಗೆ ಮುಖ್ಯ: ಕೆಲವು ನಿದ್ದೆ ಮಾತ್ರೆ, ಆತಂಕದ ಮಾತ್ರೆಗಳನ್ನು ಸಿಂಗಾಪುರಕ್ಕೆ ಒಯ್ಯಲು ಅಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಅನುಮತಿ ಮೊದಲೇ ಬೇಕು. ಅವಳು ಅಂಥ ಮಾತ್ರೆ ತೆಗೆದುಕೊಳ್ಳುತ್ತಿಲ್ಲ, ಆದರೂ ಇರುವ ಔಷಧಿಗೆಲ್ಲ ವೈದ್ಯರ ಚೀಟಿ ಇಟ್ಟುಕೊಂಡಳು.

ಉಳಿಯುವುದಕ್ಕೆ ಹಾಸ್ಟೆಲ್, ಹೆಂಗಸರ ಕೋಣೆ, ಆರು ಮಂಚ. ನಾನು ಹೋದ ಮೇಲೆ ಅವಳು ಜಾಗ ಬದಲಾಯಿಸುವಂತೆ ಆಗಬಾರದು, ಅದೇ ಮಂಚ ಅದೇ ಲಾಕರ್ ಇರಬೇಕು ಅಂತ ಮೊದಲೇ ಏಳು ರಾತ್ರಿಗೂ ಒಂದೇ ಕಡೆ ಮಾಡಿದೆವು. ಒಂದು ಸಣ್ಣ ನೋಟ್ ಪುಸ್ತಕ ತಂದಳು. ಮೊದಲ ಪುಟದಲ್ಲಿ ಹಾಸ್ಟೆಲ್ ವಿಳಾಸ, ಪೊಲೀಸರಿಗೆ 999, ಆಂಬುಲೆನ್ಸಿಗೆ 995, ಭಾರತದ ಹೈಕಮಿಷನ್ (ಅಂದರೆ ರಾಯಭಾರ ಕಚೇರಿ) ವಿಳಾಸ. ಫೋನ್ ಸತ್ತರೂ ಕಾಗದ ಸಾಯುವುದಿಲ್ಲ. ಹಿಂದಿನ ಪುಟಗಳಲ್ಲಿ ಭಯದ ಅಂಕ ಬರೆಯೋದು, ಸೊನ್ನೆಯಿಂದ ಹತ್ತರವರೆಗೆ. ಇದು ಸಮಾಲೋಚಕರು ಕಲಿಸಿದ್ದು.

ನನಗೂ ಅವರು ಒಂದು ಪಾಠ ಹೇಳಿದ್ದರು. 'ಏನೂ ಆಗಲ್ಲ ಬಿಡು' ಅಂತ ಪದೇ ಪದೇ ಹೇಳಬೇಡಿ. ಹೇಳಿದಷ್ಟೂ ಅವಳು ಕೇಳುತ್ತಲೇ ಇರುತ್ತಾಳೆ. ಉತ್ತರ ನಿಮ್ಮ ಹತ್ತಿರ ಇದೆ, ತನ್ನ ಹತ್ತಿರ ಇಲ್ಲ ಅಂದುಕೊಳ್ಳುತ್ತಾಳೆ. ಕೇಳುವಾಗ ಸುಲಭ ಅನ್ನಿಸಿತ್ತು.

ಮೊದಲ ದಿನ

ಇಮಿಗ್ರೇಷನ್ ಅಧಿಕಾರಿ ಏನು ಕೇಳಬಹುದು, ಏನು ಹೇಳಬೇಕು ಅಂತ ಪುಟ್ಟಿ ಒಂದು ವಾರ ಅಭ್ಯಾಸ ಮಾಡಿದ್ದಳು. ವಿಮಾನದಲ್ಲೂ ತುಟಿ ಅಲ್ಲಾಡಿಸುತ್ತಲೇ ಇದ್ದಳು. ಚಾಂಗಿ ವಿಮಾನ ನಿಲ್ದಾಣದಲ್ಲಿ ನೋಡಿದರೆ ಕೌಂಟರ್ ಬದಲು ಯಂತ್ರದ ಗೇಟುಗಳ ಸಾಲು. ಪಾಸ್‌ಪೋರ್ಟ್ ಇಟ್ಟು, ಕ್ಯಾಮೆರಾಗೆ ಮುಖ ಕೊಟ್ಟರೆ ಬಾಗಿಲು ತೆರೆದುಕೊಳ್ಳುತ್ತದೆ. ನಾನು ಮುಂದೆ ಹೋದೆ, ದಾಟಿದೆ. ತಿರುಗಿ ನೋಡುತ್ತೇನೆ, ಅವಳ ಗೇಟು ತೆರೆಯಲಿಲ್ಲ. ಗಾಬರಿಯಲ್ಲಿ ಕನ್ನಡಕ ತೆಗೆಯೋದು ಮರೆತಿದ್ದಳು. ಅಷ್ಟರಲ್ಲಿ ಒಬ್ಬ ಸಿಬ್ಬಂದಿ ಬಂದು ಅವಳನ್ನು ಆಚೆ ಕೌಂಟರಿಗೆ ಕರೆದುಕೊಂಡು ಹೋದರು.

ನಾನು ಈಚೆ, ಅವಳು ಆಚೆ. ದಾಟಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಎರಡನೇ ದಿನ ಮಾಡೋಣ ಅಂದುಕೊಂಡಿದ್ದ 'ಒಬ್ಬಳೇ' ಅನ್ನೋ ಪಾಠ ಇಳಿದ ಅರ್ಧ ಗಂಟೆಗೇ ಬಂದು ನಿಂತಿತ್ತು. ಗಾಜಿನ ಆಚೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಹತ್ತು ಹನ್ನೆರಡು ನಿಮಿಷ ಇರಬಹುದು, ನನಗಂತೂ ಒಂದು ಯುಗ. ಅವಳು ಬಂದಳು, ಮುಖ ಬೆಳ್ಳಗಾಗಿತ್ತು.

'ಏನು ಕೇಳಿದರು?'

'ಎಷ್ಟು ದಿನ ಇರ್ತೀಯ ಅಂದರು. ಎಂಟು ಅಂದೆ. ಅಷ್ಟೇ.'

ಬ್ಯಾಗ್ ಬರುವ ಬೆಲ್ಟಿನ ಪಕ್ಕ ನಿಂತುಕೊಂಡೇ ನೋಟ್ ಪುಸ್ತಕದಲ್ಲಿ 9 ಅಂತ ಬರೆದಳು. ಸ್ವಲ್ಪ ಹೊತ್ತಾದ ಮೇಲೆ ಅದರ ಮುಂದೆ ಒಂದು ಬಾಣದ ಗುರುತು ಹಾಕಿ 4 ಅಂತ ಬರೆದಳು.

ವಿಮಾನ ನಿಲ್ದಾಣದಿಂದ ಹಾಸ್ಟೆಲ್ಲಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ಅವಳದು, ನಾನು ಹಿಂದೆ ನಡೆಯುವವಳು ಮಾತ್ರ ಅಂತ ಮಾತಾಗಿತ್ತು. ರೈಲಿನ ನಕ್ಷೆಯ ಮುಂದೆ ಕಾಲು ಗಂಟೆ ನಿಂತಳು. ನನಗೆ ದಾರಿ ಗೊತ್ತು. ಬೆರಳು ತೋರಿಸಿದರೆ ಅರ್ಧ ನಿಮಿಷದ ಕೆಲಸ. ಎರಡೂ ಕೈಯನ್ನು ಬ್ಯಾಗಿನ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ನಿಂತೆ. ಸಿಂಗಾಪುರದ ಪ್ರತಿ ಸ್ಟೇಷನ್ನಿಗೂ ಹೆಸರಿನ ಜೊತೆ ಅಕ್ಷರ ಮತ್ತು ಸಂಖ್ಯೆಯ ಒಂದು ಗುರುತು ಇರುತ್ತದೆ, ಮಾರ್ಗಕ್ಕೊಂದು ಬಣ್ಣ. ಹೆಸರು ಬಾಯಿಗೆ ಸಿಗದಿದ್ದರೂ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿದರೆ ಸಾಕು. ಇದನ್ನು ಅವಳೇ ಕಂಡುಹಿಡಿದಳು, ನಾನು ಹೇಳಿದ್ದಲ್ಲ. ತಾನಾ ಮೆರಾದಲ್ಲಿ ಇಳಿದು ರೈಲು ಬದಲಾಯಿಸಿ, ನಮ್ಮ ಹಾಸ್ಟೆಲ್ ಹತ್ತಿರದ ಸ್ಟೇಷನ್ ಬುಗಿಸ್‌ಗೆ ಬಂದೆವು.

ದಾರಿಯಲ್ಲಿ ಒಂದು ಸಣ್ಣ ಕಷ್ಟ. ಭಯವಾದಾಗ ಪುಟ್ಟಿ ನೀರು ಕುಡಿಯುತ್ತಾಳೆ, ಗುಟುಕು ಗುಟುಕಾಗಿ. ಬಾಟಲಿ ಕೈಯಲ್ಲಿದ್ದರೆ ಅವಳಿಗೆ ಸಮಾಧಾನ. ಅಲ್ಲಿನ ರೈಲಿನಲ್ಲಿ ಏನನ್ನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ನೀರೂ ಇಲ್ಲ. 500 ಸಿಂಗಾಪುರ ಡಾಲರ್‌ವರೆಗೆ ದಂಡ ಅಂತ ಬೋರ್ಡೇ ಇದೆ. ಬಾಟಲಿ ತೆರೆಯಲು ಹೋದವಳು ಬೋರ್ಡ್ ನೋಡಿ ಮುಚ್ಚಿದಳು. ಆಮೇಲೆ ಇಡೀ ದಾರಿ ಆ ಮುಚ್ಚಳವನ್ನೇ ಬಿಗಿ ಮಾಡುತ್ತಾ ಕೂತಳು. ಹಾಸ್ಟೆಲ್ ತಲುಪಿದಾಗ, 'ನೀರು ಇಲ್ಲದೇನೂ ಬಂದೆ ಅಲ್ವಾ' ಅಂದಳು. ಹೌದು ಅಂದೆ.

ಎರಡನೇ ದಿನ

ಪುಲಾವ್ ಉಬಿನ್ ಅಂತ ಒಂದು ಪುಟ್ಟ ದ್ವೀಪ ಇದೆ, ಹೆಸರಿನ ಅರ್ಥವೇ ಗ್ರಾನೈಟ್ ದ್ವೀಪ. ತಾನಾ ಮೆರಾ ಸ್ಟೇಷನ್ನಿಂದ 2ನೇ ನಂಬರ್ ಬಸ್ಸು, ಚಾಂಗಿ ವಿಲೇಜಿನಲ್ಲಿ ಇಳಿದರೆ ಹತ್ತಿರದಲ್ಲೇ ದೋಣಿಕಟ್ಟೆ. ಬಸ್ಸು ಬಂತು, ನಾವು ನೋಡುತ್ತಾ ನಿಂತೆವು, ಬಸ್ಸು ಹೋಯಿತು. ನಮಗೆ ಬೇಕಾದ ಬಸ್ಸು ಬಂದಾಗ ಕೈ ಚಾಚಿ ತೋರಿಸಬೇಕು ಅಂತ ಇಬ್ಬರಿಗೂ ಹೊಳೆದಿರಲಿಲ್ಲ. ಮುಂದಿನ ಬಸ್ಸಿಗೆ ಪುಟ್ಟಿ ಎಷ್ಟು ದೂರದಿಂದಲೇ ಕೈ ಚಾಚಿದಳು ಅಂದರೆ, ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನೋಡಿ ತಲೆಯಾಡಿಸಿ ನಕ್ಕರು. ಹೊಸಬರ ಮುಂದೆ ಕೈ ಎತ್ತುವುದೇ ಅವಳಿಗೆ ದೊಡ್ಡ ವಿಷಯ. ಅಂಕ 5.

ದೋಣಿಗೆ ಹೊತ್ತು ಗೊತ್ತು ಅಂತ ಇಲ್ಲ. ಹನ್ನೆರಡು ಜನ ಸೇರಿದರೆ ಹೊರಡುತ್ತದೆ. ನಾವು ಹೋದಾಗ ಏಳು ಜನ ಕೂತಿದ್ದರು, ನಾವಿಬ್ಬರು ಸೇರಿ ಒಂಬತ್ತು. ಇಪ್ಪತ್ತು ನಿಮಿಷ ಕಳೆಯಿತು, ಯಾರೂ ಬರಲಿಲ್ಲ. 'ಚಿಕ್ಕಮ್ಮ, ಯಾರೂ ಬರದೇ ಇದ್ದರೆ?' ಬರ್ತಾರೆ ಬಿಡು ಅನ್ನೋದು ನಾಲಿಗೆ ತುದಿಗೆ ಬಂತು. ತಡೆದುಕೊಂಡು, 'ಬರದಿದ್ದರೆ ಏನು ಮಾಡಬಹುದು ಅಂತೀಯ?' ಅಂದೆ. ಸ್ವಲ್ಪ ಯೋಚಿಸಿದಳು. ಇರುವ ಒಂಬತ್ತು ಜನ ಸೇರಿ ಹನ್ನೆರಡು ಜನರ ದುಡ್ಡು ಹಂಚಿಕೊಳ್ಳಬಹುದು, ಇಲ್ಲದಿದ್ದರೆ ವಾಪಸ್ ಹೋಗಿ ಬೇರೆ ಏನಾದರೂ ನೋಡಬಹುದು, ಅಂದಳು. ಎರಡು ದಾರಿ ಅವಳ ಹತ್ತಿರವೇ ಇದ್ದವು. ಅಷ್ಟರಲ್ಲಿ ಒಂದು ಕುಟುಂಬ ಬಂತು, ಮೂರು ಜನ. ದೋಣಿ ಹೊರಟಿತು.

ಉಬಿನ್‌ನಲ್ಲಿ ಚೆಕ್ ಜಾವಾ ಅನ್ನೋ ಜೌಗು ಪ್ರದೇಶ ನೋಡಲೇಬೇಕಾದದ್ದು. ಅದನ್ನು ಮಣ್ಣು ತುಂಬಿ ಸಮುದ್ರದಿಂದ ಗೆದ್ದ ನೆಲ ಮಾಡುವ ಯೋಜನೆ ಇತ್ತು. ಜನ ಬೇಡ ಅಂದ ಮೇಲೆ 2001ರ ಕೊನೆಗೆ ಸರ್ಕಾರ ಅದನ್ನು ಮುಂದೂಡಿತು, ಹಾಗಾಗಿ ಇವತ್ತು ನಾವು ನೋಡುವಂತಾಯಿತು. ಸುಮಾರು ಒಂದು ಕಿಲೋಮೀಟರ್ ಉದ್ದದ ಕಟ್ಟೆದಾರಿ ಇದೆ, ಒಂದು ಭಾಗ ಸಮುದ್ರದ ಮೇಲೆ, ಇನ್ನೊಂದು ಕಾಂಡ್ಲಾ ಕಾಡಿನ ಒಳಗೆ. 20 ಮೀಟರ್ ಎತ್ತರದ ಒಂದು ಗೋಪುರವೂ ಇದೆ. ನಾವು ಅಲ್ಲೇ ಬೇರೆಯಾದೆವು. ಅವಳು ಸಮುದ್ರದ ಕಡೆಯಿಂದ, ನಾನು ಕಾಡಿನ ಕಡೆಯಿಂದ, ಮುಕ್ಕಾಲು ಗಂಟೆ ಬಿಟ್ಟು ಗೋಪುರದ ಹತ್ತಿರ. ಕಳೆದುಹೋಗಲು ಜಾಗವೇ ಇಲ್ಲದ ಕಡೆ ಮೊದಲ ಸಲ ಒಬ್ಬಳೇ ನಡೆಯೋದು, ಇದು ನಾವು ಮನೆಯಲ್ಲೇ ಯೋಚಿಸಿದ್ದು. ನಾನು ಬಂದಾಗ ಅವಳು ಆಗಲೇ ಗೋಪುರದ ಮೇಲಿದ್ದಳು. ನೀರು ಇಳಿದಿತ್ತಂತೆ, ಮರಳಿನ ಮೇಲೆ ಸಣ್ಣ ಸಣ್ಣ ಏಡಿಗಳು ಓಡಾಡುತ್ತಿದ್ದವಂತೆ, ಅದನ್ನೇ ನೋಡುತ್ತಾ ಹೊತ್ತು ಹೋದದ್ದು ಗೊತ್ತಾಗಲಿಲ್ಲವಂತೆ. ಅಂಕ ಬರೆಯಲು ಮರೆತಿದ್ದಳು.

ಮೂರನೇ ದಿನ

ಈ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ಅವಳೊಬ್ಬಳೇ ಬೊಟಾನಿಕ್ ಗಾರ್ಡನ್ಸ್‌ಗೆ ಹೋಗೋದು, ಮಧ್ಯಾಹ್ನ ಒಂದು ಗಂಟೆಗೆ ಹಾರ್ಬರ್‌ಫ್ರಂಟ್ ಸ್ಟೇಷನ್ನಿನ ಗೇಟಿನಲ್ಲಿ ನನ್ನನ್ನು ಸೇರೋದು. ಆ ಸಸ್ಯೋದ್ಯಾನ 1859ರದ್ದು, 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಒಂದು ಹಳೇ ತೆಂಬುಸು ಮರ ಇದೆ, ಸಿಂಗಾಪುರದ ಐದು ಡಾಲರ್ ನೋಟಿನ ಹಿಂಬದಿಯಲ್ಲಿ ಇರೋದು ಅದೇ ಮರ. ನೋಟು ಕೈಯಲ್ಲಿ ಹಿಡಿದು ಮರ ಹುಡುಕಬೇಕು, ಅವತ್ತಿನ ಕೆಲಸ ಅದು. ಸುಮ್ನೆ 'ಹೋಗಿ ಸುತ್ತಾಡಿ ಬಾ' ಅಂದರೆ ಆತಂಕದ ಮನಸ್ಸಿಗೆ ಹಿಡಿಯಲು ಏನೂ ಇರೋದಿಲ್ಲ. ಒಂದು ಹುಡುಕಾಟ ಕೊಟ್ಟರೆ ಕಣ್ಣಿಗೂ ಕಾಲಿಗೂ ಕೆಲಸ ಸಿಗುತ್ತದೆ.

ಅಕ್ಕನ ಫೋನಿನಲ್ಲಿ ಮಗಳ ಲೊಕೇಶನ್ ಯಾವಾಗಲೂ ಕಾಣುತ್ತಿರುತ್ತದೆ. ಇವತ್ತಿನಿಂದ ಅದನ್ನು ನಿಲ್ಲಿಸೋದು ಅಂತ ಮೂವರೂ ಒಪ್ಪಿದ್ದೆವು. ಅದರ ಬದಲು ದಿನಕ್ಕೆ ಒಂದು ಫೋಟೋ, ರಾತ್ರಿ ಒಂಬತ್ತಕ್ಕೆ. ತುರ್ತು ಇದ್ದರೆ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಸುಮ್ಮನೆ ಧೈರ್ಯಕ್ಕೆ ಅಂತ ಮಾಡೋ ಹಾಗಿಲ್ಲ.

ನಾನು ಹನ್ನೆರಡೂವರೆಗೇ ಗೇಟಿನ ಹತ್ತಿರ ಹೋಗಿ ನಿಂತೆ. ಒಂದು ಗಂಟೆ ಆಯಿತು. ಒಂದೂ ಹತ್ತು. ಒಂದೂ ಇಪ್ಪತ್ತಕ್ಕೆ ಅಕ್ಕ ಫೋನ್ ಮಾಡಿದಳು.

'ಜೊತೆಯಲ್ಲೇ ಇದ್ದಾಳಾ?'

'ಇಲ್ಲ ಅಕ್ಕಾ, ಇನ್ನೂ ಬಂದಿಲ್ಲ.'

'ನೀನು ಫೋನ್ ಮಾಡಿದೆಯಾ?'

'ಇಲ್ಲ.'

ಆ ಕಡೆ ಮಾತೇ ಇಲ್ಲ. ಆಮೇಲೆ, 'ನಿನ್ನನ್ನ ನಂಬಿ ಕಳಿಸಿದೀನಿ' ಅಂದು ಇಟ್ಟಳು. ಆ ಮಾತು ಎದೆಗೆ ನಾಟಿತು. ಫೋನ್ ತೆಗೆದು 'ಎಲ್ಲಿದ್ದೀಯ' ಅಂತ ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಪ್ರತಿ ಎರಡು ಮೂರು ನಿಮಿಷಕ್ಕೆ ಒಂದು ರೈಲು ಬರುತ್ತದೆ, ಎಸ್ಕಲೇಟರ್ ತುಂಬಾ ಜನ ಮೇಲೆ ಬರುತ್ತಾರೆ, ಅದರಲ್ಲಿ ಅವಳಿರುವುದಿಲ್ಲ. ನನ್ನ ಕೈ ತಣ್ಣಗಾಗಿತ್ತು. ಇಷ್ಟು ವರ್ಷ ಅವಳು ಹೇಳುತ್ತಿದ್ದದ್ದು ಇದೇ ಇರಬೇಕು ಅನ್ನಿಸಿತು. ಎರಡು ಗಂಟೆ ದಾಟಿದರೆ ಫೋನ್ ಮಾಡುತ್ತೇನೆ ಅಂತ ನನಗೆ ನಾನೇ ಒಂದು ಗಡುವು ಹಾಕಿಕೊಂಡೆ. ಗಡುವು ಇಲ್ಲದೆ ಕಾಯಬಾರದು, ಅದು ಧೈರ್ಯ ಅಲ್ಲ, ಬೇಜವಾಬ್ದಾರಿ.

ಒಂದೂ ಮುಕ್ಕಾಲಿಗೆ ಎಸ್ಕಲೇಟರಿನಲ್ಲಿ ಮೊದಲು ಅವಳ ಕನ್ನಡಕ ಕಾಣಿಸಿತು.

ಆದದ್ದು ಇಷ್ಟು. ಸ್ಟೇಷನ್ನು ತೋಟದ ಒಂದು ತುದಿಯಲ್ಲಿದೆ, ಮರ ಇನ್ನೊಂದು ತುದಿಯ ಕಡೆ. ನಡೆದು ಹೋಗಿ, ಹುಡುಕಿ, ನೋಟನ್ನು ಮರದ ಪಕ್ಕ ಹಿಡಿದು ನೋಡಿ, ಮತ್ತೆ ನಡೆದು ಸ್ಟೇಷನ್ನಿಗೆ ಬಂದಿದ್ದಾಳೆ. ಇಲ್ಲಿಯವರೆಗೆ ಅಂಕ 4. ಸರ್ಕಲ್ ಲೈನಿನಲ್ಲಿ ಆ ಸ್ಟೇಷನ್ನಿನ ಸಂಖ್ಯೆ 19, ಹಾರ್ಬರ್‌ಫ್ರಂಟ್ 29. ಅವಸರದಲ್ಲಿ ಎದುರು ದಿಕ್ಕಿನ ರೈಲು ಹತ್ತಿದ್ದಾಳೆ. ಮುಂದಿನ ಸ್ಟೇಷನ್ ನೋಡಿದರೆ 17. ಹದಿನೆಂಟು ಎಲ್ಲಿ ಹೋಯಿತು? ಅಲ್ಲಿ 18ನೇ ನಂಬರಿನ ಸ್ಟೇಷನ್ ಇನ್ನೂ ತೆರೆದೇ ಇಲ್ಲ, ರೈಲು ನಿಲ್ಲುವುದಿಲ್ಲ. ಅವಳಿಗೆ ಅದು ಗೊತ್ತಿಲ್ಲ. ತಾನು ಒಂದು ಸ್ಟೇಷನ್ ನೋಡದೇ ಹೋದೆ, ತಲೆ ಕೆಲಸ ಮಾಡುತ್ತಿಲ್ಲ ಅಂತ ಎದೆ ಹೊಡೆದುಕೊಳ್ಳಲು ಶುರುವಾಗಿದೆ. 16 ಬಂತು. 15 ಬಿಶಾನ್, ಅಲ್ಲಿ ಇಳಿದುಬಿಟ್ಟಳು.

'ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಕೂತೆ ಚಿಕ್ಕಮ್ಮ. ಕೈಕಾಲು ನಡುಗ್ತಿತ್ತು. ಓಡಿಹೋಗಬೇಕು ಅನ್ನಿಸ್ತು, ಎಲ್ಲಿಗೆ ಅಂತ ಗೊತ್ತಿಲ್ಲ.' ಅಲ್ಲೇ ಕೂತು ಉಸಿರನ್ನು ನಿಧಾನಕ್ಕೆ ಬಿಟ್ಟಿದ್ದಾಳೆ, ಎಳೆದುಕೊಳ್ಳೋದಕ್ಕಿಂತ ಬಿಡೋದು ಉದ್ದವಾಗಿ. ಭಯ ಏರುವಾಗ ಇನ್ನು ಇಳಿಯೋದೇ ಇಲ್ಲ ಅನ್ನಿಸುತ್ತದೆ, ಆದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ತಾನಾಗಿಯೇ ಇಳಿಯಲು ಶುರು ಮಾಡುತ್ತದೆ ಅಂತ ಅವಳಿಗೆ ಹೇಳಿಕೊಟ್ಟಿದ್ದರು. ಐದು ರೈಲು ಹೋಗುವವರೆಗೆ ಕೂತಿದ್ದಳಂತೆ. ಆರನೇ ರೈಲಿಗೆ ಎದ್ದು, ಗೋಡೆಯ ನಕ್ಷೆ ನೋಡಿ, ಸರಿಯಾದ ಕಡೆಗೆ ಹೋಗಿ ಹತ್ತಿದ್ದಾಳೆ. 15, 16, 17, 19, ಅಲ್ಲಿಂದ ಎಣಿಸಿಕೊಂಡು 29ರವರೆಗೆ.

'ಒಂದು ಫೋನ್ ಮಾಡಬಾರದಿತ್ತಾ?' ಕೇಳಬಾರದು ಅಂದುಕೊಂಡಿದ್ದರೂ ಬಾಯಿಗೆ ಬಂದುಬಿಟ್ಟಿತು.

'ಮಾಡಿದ್ದರೆ ನೀನು ದಾರಿ ಹೇಳಿಬಿಡ್ತಿದ್ದೆ.'

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಡವಾದರೆ ಹತ್ತು ನಿಮಿಷದ ಒಳಗೆ 'ತಡ' ಅಂತ ಒಂದೇ ಪದ ಕಳಿಸೋದು, ಅದಕ್ಕೆ ನಾನು ಏನೂ ಕೇಳದೆ 'ಸರಿ' ಅನ್ನೋದು ಅಂತ ಅಲ್ಲೇ ಹೊಸ ನಿಯಮ ಮಾಡಿಕೊಂಡೆವು. ಇದನ್ನು ಮೊದಲೇ ಮಾಡಬೇಕಿತ್ತು, ಅದು ನನ್ನ ತಪ್ಪು. ಅಕ್ಕನಿಗೆ ಅವಳೇ ಫೋನ್ ಮಾಡಿದಳು. ಸಂಜೆ ಬಸ್ಸು ಹಿಡಿದು ಹೆಂಡರ್ಸನ್ ವೇವ್ಸ್ ಸೇತುವೆಗೆ ಹೋದೆವು, ರಸ್ತೆಯಿಂದ 36 ಮೀಟರ್ ಮೇಲೆ ಅಲೆಯ ಹಾಗೆ ಬಾಗಿದ ಮರದ ಹಾದಿ. ಇಬ್ಬರೂ ಸುಸ್ತಾಗಿದ್ದೆವು, ಜಾಸ್ತಿ ಮಾತಾಡಲಿಲ್ಲ.

ನಾಲ್ಕನೇ ದಿನ

ಪೂರ್ತಿ ದಿನ ಒಬ್ಬಳೇ ಇರಬೇಕಾದ ದಿನ. ಅವಳು ಮಂಚದಿಂದ ಇಳಿಯಲಿಲ್ಲ.

ಒಂಬತ್ತಾಯಿತು, ಹತ್ತಾಯಿತು. ಪರದೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. 'ನನಗೆ ಆಗಲ್ಲ ಚಿಕ್ಕಮ್ಮ, ನಿನ್ನೆ ಆಗಿದ್ದು ಇವತ್ತೂ ಆಗುತ್ತೆ.' ನಾನು ಆಗ ಮಾಡಿದ್ದು ಅಷ್ಟೂ ತಪ್ಪು. ನಿನ್ನೆ ಎಷ್ಟು ಚೆನ್ನಾಗಿ ನಿಭಾಯಿಸಿದೆ ನೋಡು ಅಂದೆ. ಏನೂ ಆಗಲ್ಲ ಅಂದೆ, ಅದೂ ಮೂರು ಸಲ. ಇಷ್ಟು ದೂರ ಬಂದು ಮಲಗಿದರೆ ಹೇಗೆ ಅಂದೆ. ಕೊನೆಯ ಮಾತಿಗೆ ಅವಳು ಅತ್ತಳು. ಗೆದ್ದ ದಿನದ ಮರುದಿನ ಭಯ ಇನ್ನೂ ದೊಡ್ಡದಾಗಿ ಬರಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದರೂ ತಲೆಗೆ ಹೋಗಿರಲಿಲ್ಲ. ಮೆಟ್ಟಿಲು ಹತ್ತಿದಷ್ಟೇ ಸಲೀಸು ಅಂದುಕೊಂಡಿದ್ದೆ.

ಹೊರಗೆ ಬಂದು ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತೆ. ನನ್ನ ಟಿಕೆಟ್ ಬದಲಾಯಿಸಬಹುದೇ ಅಂತ ಫೋನಿನಲ್ಲಿ ನೋಡಿದೆ, ಬದಲಾಯಿಸಬಹುದಿತ್ತು. ಒಂದು ಗುಂಡಿ ಒತ್ತಿದರೆ ಎಂಟು ದಿನವೂ ಅವಳ ಜೊತೆಗಿರಬಹುದು. ಆಗ ಇಬ್ಬರಿಗೂ ಹಾಯೆನಿಸುತ್ತದೆ. ಆ ಪದ ಮನಸ್ಸಿಗೆ ಬಂದ ಕೂಡಲೇ ಫೋನ್ ಮುಚ್ಚಿಟ್ಟೆ.

ಎರಡು ಗಂಟೆಗೆ ಒಳಗೆ ಹೋಗಿ, ಬೆಳಿಗ್ಗೆ ಆಡಿದ ಮಾತಿಗೆ ತಪ್ಪಾಯ್ತು ಅಂದೆ. ಪೂರ್ತಿ ದಿನ ಬೇಡ, ಇವತ್ತಿಗೆ ಎಷ್ಟು ಆಗುತ್ತೆ ಅಂತ ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದಳು. ಬುಗಿಸ್ ಹತ್ತಿರವೇ, ವಿಕ್ಟೋರಿಯಾ ಸ್ಟ್ರೀಟಿನಲ್ಲಿ ರಾಷ್ಟ್ರೀಯ ಗ್ರಂಥಾಲಯ ಇದೆ, ಹದಿನಾರು ಮಹಡಿಯ ಕಟ್ಟಡ, ನಡೆದು ಹೋಗುವಷ್ಟು ಹತ್ತಿರ. ರೈಲು ಬೇಡ, ಬಸ್ಸು ಬೇಡ. 'ಅಲ್ಲಿಗೆ ಹೋಗಿ ಒಂದು ಗಂಟೆ ಕೂತು ಬರ್ತೀನಿ' ಅಂದಳು. ನನ್ನ ಮನಸ್ಸಿನಲ್ಲಿದ್ದ ದಿನಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ, ಆದರೆ ಅದು ಅವಳು ಹೇಳಿದ್ದು. ನಾನು ಅದನ್ನು ಒಂದು ಚೂರೂ ಹಿಗ್ಗಿಸಲಿಲ್ಲ.

ಒಂದೂವರೆ ಗಂಟೆ ಬಿಟ್ಟು ಬಂದಳು. ಅಲ್ಲಿ ಸಿಬ್ಬಂದಿಯನ್ನು ಒಂದು ಪ್ರಶ್ನೆ ಕೇಳಿದಳಂತೆ, ಹಳೇ ಸಿಂಗಾಪುರದ ನಕ್ಷೆಗಳು ಎಲ್ಲಿವೆ ಅಂತ. ಬಾಯಿ ತೆರೆಯಲು ಹತ್ತು ನಿಮಿಷ ಹಿಡಿಯಿತಂತೆ. ಪುಸ್ತಕದಲ್ಲಿ ಬೆಳಿಗ್ಗೆಯ ಅಂಕ 9, ಗ್ರಂಥಾಲಯದ್ದು 5.

ಐದನೇ ದಿನ

ಬೆಳಿಗ್ಗೆ ಎಂಟಕ್ಕೆ ನಾನು ಎದ್ದಾಗ ಅವಳ ಮಂಚ ಖಾಲಿ. ದಿಂಬಿನ ಮೇಲೆ ಚೀಟಿ: 'ಮ್ಯೂಸಿಯಂಗೆ ಹೋಗಿದ್ದೀನಿ, ಮೂರಕ್ಕೆ ಬರ್ತೀನಿ, ತಡ ಆದರೆ ತಡ ಅಂತ ಕಳಿಸ್ತೀನಿ.' ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಳು. 1887ರ ಕಟ್ಟಡದ ಗುಮ್ಮಟದ ಬಣ್ಣದ ಗಾಜು ನೋಡಿ ಬಂದ ಕಥೆ ಹೇಳಿದಳು. ಬೆಳಿಗ್ಗೆ ಹೇಗೆ ಎದ್ದೆ ಅಂತ ನಾನು ಕೇಳಲಿಲ್ಲ. ಕೇಳಿದರೆ ಅವಳು ಮತ್ತೆ ಅದನ್ನೇ ಯೋಚಿಸಲು ಶುರು ಮಾಡುತ್ತಾಳೆ.

ವಿಮಾನ ನಿಲ್ದಾಣದವರೆಗೆ ಬರಬೇಡ ಅಂದೆ. ಅಲ್ಲಿಂದ ಒಬ್ಬಳೇ ವಾಪಸ್ ಬರುವುದು ಬುಗಿಸ್‌ನಲ್ಲಿ ಕೈಬೀಸುವುದಕ್ಕಿಂತ ಕಷ್ಟ. ಸ್ಟೇಷನ್ನಿನ ಗೇಟಿನವರೆಗೆ ಬಂದಳು. ನೋಟ್ ಪುಸ್ತಕ ತೆಗೆದು, 'ಏಳು' ಅಂತ ಹೇಳಿಕೊಂಡು ಬರೆದಳು. ಆಮೇಲೆ ನನ್ನನ್ನು ನೋಡಿ, 'ನಿನ್ನದು ಎಷ್ಟು ಚಿಕ್ಕಮ್ಮ?' ಅಂದಳು.

'ಒಂಬತ್ತು.'

ಅದನ್ನೂ ಬರೆದುಕೊಂಡಳು, ತನ್ನ ಏಳರ ಪಕ್ಕ. ನಾನು ಕಾರ್ಡ್ ತೋರಿಸಿ ಒಳಗೆ ಹೋದೆ.

ಚಾಂಗಿಯಲ್ಲಿ ಇನ್ನೂ ಹೊತ್ತಿತ್ತು. ಜುವೆಲ್ ಅನ್ನೋ ಗಾಜಿನ ಕಟ್ಟಡದ ನಡುವೆ 40 ಮೀಟರ್ ಎತ್ತರದಿಂದ ನೀರು ಬೀಳುತ್ತದೆ, ಕಟ್ಟಡದ ಒಳಗಿನ ಜಲಪಾತಗಳಲ್ಲಿ ಪ್ರಪಂಚದಲ್ಲೇ ಎತ್ತರದ್ದು ಅದು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಆ ಸದ್ದಿನಲ್ಲಿ ಒಬ್ಬರು ಅಳುವುದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ನಾನು ಒಂದು ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಅತ್ತೆ.

ಆರನೇ ದಿನ

ನಾನು ಮನೆಯಲ್ಲಿ. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಒಂದು ಫೋಟೋ, ಅವಳ ಚಪ್ಪಲಿ ಮತ್ತು ಲಾಕರಿನ ಬೀಗ. ಮಾತಿಲ್ಲ. ಅಕ್ಕ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು, ಚಪ್ಪಲಿಗೆ ಮಣ್ಣು ಹತ್ತಿದೆ, ಎಲ್ಲೋ ನಡೆದಿದ್ದಾಳೆ ಅಂತ ಲೆಕ್ಕ ಹಾಕಿದಳು.

ಏಳನೇ ದಿನ

ಒಂಬತ್ತಾಯಿತು, ಫೋಟೋ ಇಲ್ಲ. ಒಂಬತ್ತೂ ಐದಕ್ಕೆ 'ತಡ' ಅಂತ ಬಂತು. ನಾನು 'ಸರಿ' ಅಂತ ಕಳಿಸಿದೆ. ಪಕ್ಕದಲ್ಲಿದ್ದ ಅಕ್ಕ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಏನೋ ಬರೆಯಲು ಹೋದಳು, ಬರೆದಳು, ತಾನೇ ಅಳಿಸಿದಳು. ಹತ್ತು ಗಂಟೆಗೆ ಫೋಟೋ ಬಂತು: ದೋಣಿಯ ಮೂತಿ, ಆಚೆ ಉಬಿನ್ ದ್ವೀಪದ ಹಸಿರು. ಬೆಳಿಗ್ಗೆ ತೆಗೆದದ್ದು. ಜೊತೆಗೆ ಬರಹ ಇತ್ತು, ಅದನ್ನು ಇದ್ದ ಹಾಗೇ ಹಾಕುತ್ತೇನೆ.

'ಚಿಕ್ಕಮ್ಮ, ಉಬಿನ್‌ಗೆ ಮತ್ತೆ ಹೋಗಿದ್ದೆ. ಬಸ್ಸಿಗೆ ಕೈ ತೋರಿಸಿದೆ, ಮೊದಲನೇ ಬಸ್ಸೇ ನಿಂತಿತು. ದೋಣಿಕಟ್ಟೆಗೆ ಹೋದಾಗ ಹನ್ನೊಂದು ಜನ ಕೂತಿದ್ದರು. ನಾನು ಹೋಗುತ್ತಿದ್ದ ಹಾಗೆ ಎಲ್ಲರೂ ಎದ್ದು ನಿಂತರು. ನನಗೇ ಕಾಯ್ತಿದ್ದರು! ಸಂಜೆ ವಾಪಸ್ ಬರೋವಾಗ ಜನ ಸೇರಲು ಒಂದು ಗಂಟೆ ಹಿಡೀತು, ಆಮೇಲೆ ಬಂದು ಸುಸ್ತಾಗಿ ಮಲಗಿಬಿಟ್ಟೆ, ಅದಕ್ಕೇ ತಡ. ಅಂಕ ಬೆಳಿಗ್ಗೆ 6, ದೋಣಿಯಲ್ಲಿ 2, ಈಗ 3.'

ಎಂಟನೇ ದಿನ, ಮರುದಿನ ಬೆಳಿಗ್ಗೆ

ರಾತ್ರಿಯ ವಿಮಾನ. ಅವಳು ಏರುವ ಮೊದಲು ಕಳಿಸಿದ ಅಂಕ 6, ಹೊಟ್ಟೆ ತೊಳಸುತ್ತಿದೆ ಅಂತಲೂ ಬರೆದಿದ್ದಳು. ಅದೇನೂ ಹೋಗಿಲ್ಲ. ಅಕ್ಕ ರಾತ್ರಿ ಇಡೀ ಮಲಗಲಿಲ್ಲ. 'ಅಕ್ಕಾ, ನಿನ್ನದು ಎಷ್ಟು?' ಅಂತ ಕೇಳಿದೆ. ಮೊದಲು ಸಿಡುಕಿದಳು. ಆಮೇಲೆ, 'ಹತ್ತಕ್ಕಿಂತ ಮೇಲೆ ಇದೆಯಾ?' ಅಂದಳು.

ಬೆಳಿಗ್ಗೆ ಮೆಸೇಜ್ ಬಂತು. 'ಇಳಿದೆ. ಬ್ಯಾಗ್ ಸಿಕ್ಕಿತು. ಬಸ್ಸಿನಲ್ಲಿ ಬರ್ತೀನಿ, ಕರೆದುಕೊಂಡು ಹೋಗಲು ಬರಬೇಡಿ.'

ಅಕ್ಕ ಆಗಲೇ ಚಪ್ಪಲಿ ಹಾಕಿಕೊಂಡು, ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಮೆಸೇಜ್ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು, ಓದಿದೆ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು.